ಎದುರಾಳಿಯ ಪಾತ್ರ

ನಮ್ಮ ಶಾಸಕರ ಹುಬ್ಬುಗಳು ಯಾವತ್ತೂ ಜೊತೆಯಾಗಿ ಏಳುತ್ತಿರಲಿಲ್ಲ. ಅನುಮಾನ ಬಂದರೆ ಎಡಗಡೆಯದು, ಖುಷಿಯಾದರೆ ಬಲಗಡೆಯದು. ಅರ್ಜಿ ಹಿಡಿದು ಬಂದವರು ಅವರ ಹಣೆ ನೋಡಿಯೇ ತಮ್ಮ ಕೆಲಸ ಆಗುತ್ತದೋ ಇಲ್ಲವೋ ಎಂದು ತಿಳಿದುಕೊಳ್ಳುತ್ತಿದ್ದರು. ಪೊದೆಯಂಥ ಆ ಹುಬ್ಬಿಗೆ ಕ್ಷೌರದವನು ಕತ್ತರಿ ತಂದರೆ, "ಅದಕ್ ಕೈ ಹಾಕ್ಬೇಡ ಮಾರಾಯ, ಓಟು ಬರೋದೇ ಅದ್ರಿಂದ" ಎನ್ನುತ್ತಿದ್ದರಂತೆ.

ರಾಜಕೀಯಕ್ಕೆ ಬರುವ ಮೊದಲು ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನಿಂದ ಎದುರಾಳಿಯನ್ನು ಗೆಲ್ಲಬೇಕು. ಶಾಸಕರಾದ ಮೇಲೂ ಆ ಚಟ ಬಿಡಲಿಲ್ಲ. ಯಾರಾದರೂ ಇಬ್ಬರು ಜಗಳ ಹೊತ್ತು ತಂದರೆ ಪಾತ್ರ ಅದಲುಬದಲು ಮಾಡಿ ಕೂರಿಸುತ್ತಿದ್ದರು: ಇವನ ವಾದ ಅವನು ಮಾಡಬೇಕು, ಅವನದ್ದು ಇವನು. ಕೆಳದಿ ಕಡೆಯಿಂದ ಬೇಲಿಯ ಜಗಳಕ್ಕೆ ಬಂದ ಅಣ್ಣತಮ್ಮಂದಿರು ಹೀಗೆ ವಾದಿಸುತ್ತ, ನಗು ತಡೆಯಲಾರದೆ ಎದ್ದು ಹೋದದ್ದನ್ನು ನಾನೇ ನೋಡಿದ್ದೇನೆ. ಆಗ ನಾನೂ ನಕ್ಕಿದ್ದೆ. ನನ್ನ ಸರದಿ ಬರುತ್ತದೆಂದು ಯಾರಿಗೆ ಗೊತ್ತಿತ್ತು!

ಸಾಗರದ ಬಸ್‌ಸ್ಟ್ಯಾಂಡ್ ಹತ್ತಿರ, ಬೇಕರಿಯೊಂದರ ಮಹಡಿಯಲ್ಲಿ ನನ್ನದೊಂದು ಪುಟ್ಟ ಕಂಪನಿ. ಕ್ರಿಪ್ಟೊಕರೆನ್ಸಿ ವಹಿವಾಟು ನಡೆಸುವ ದೊಡ್ಡ ಕಂಪನಿಗಳಿಗೆ, ಬರುವ ಗ್ರಾಹಕ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ಸಾಫ್ಟ್‌ವೇರ್ ಬರೆದುಕೊಡುತ್ತೇವೆ. ಕೆಲಸಕ್ಕಿರುವವರು ಬೆರಳೆಣಿಕೆಯಷ್ಟು, ಹೆಚ್ಚಿನವರು ಹೊಸನಗರದಿಂದ ಬಸ್ಸಿನಲ್ಲಿ ಬರುವ ಹುಡುಗಿಯರು. ಹೀಗಿರುವಾಗ ಯಾರೋ ಒಬ್ಬ ಇಲ್ಲದ ಕ್ರಿಪ್ಟೊ ನಾಣ್ಯ ಮಾರಿ, ತೀರ್ಥಹಳ್ಳಿ ಕಡೆಯ ಜನಕ್ಕೆ ಟೋಪಿ ಹಾಕಿ ಓಡಿಹೋದ. ಇದನ್ನೆಲ್ಲ ನಿಷೇಧಿಸಿ ಎಂಬ ಕೂಗೆದ್ದಿತು. ಕಾನೂನು ಮಾಡುವುದು ದಿಲ್ಲಿಯಲ್ಲೇ ಆದರೂ, ರಾಜ್ಯದಿಂದ ಏನು ಶಿಫಾರಸು ಹೋಗಬೇಕೆಂದು ನೋಡುವ ಸಮಿತಿಯಲ್ಲಿ ನಮ್ಮ ಶಾಸಕರಿದ್ದರು. ನಿಷೇಧವಾದರೆ ನಮ್ಮ ಗಿರಾಕಿಗಳು ಗಂಟುಮೂಟೆ ಕಟ್ಟಿ ದುಬೈಗೆ ಹೋಗುತ್ತಿದ್ದರು, ನಾವು ಬಾಗಿಲು ಹಾಕಬೇಕಿತ್ತು.

ಶಾಸಕರು ನನ್ನನ್ನು ಹೊಸನಗರದ ಪ್ರವಾಸಿ ಮಂದಿರಕ್ಕೆ ಕರೆಸಿದರು. ಅಲ್ಲಿ ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಮೊದಲೇ ಬಂದು ಕೂತಿದ್ದರು. ಆ ಮೋಸಕ್ಕೆ ಸಿಕ್ಕವರಲ್ಲಿ ಅವರೂ ಒಬ್ಬರು; ಶಾಸಕರ ಹಳೆಯ ತಾಳಮದ್ದಳೆ ಜೊತೆಗಾರರು ಬೇರೆ. ನಿಷೇಧ ಆಗಲೇಬೇಕೆಂದು ಹಟ ಹಿಡಿದಿದ್ದರು. ನಾನು ಲ್ಯಾಪ್‌ಟಾಪ್ ತೆರೆಯಹೋದೆ.

"ಅದನ್ನ ಮುಚ್ಚು ಮಾರಾಯ್ತಿ. ನೀನೀಗ ದುಡ್ಡು ಕಳ್ಕೊಂಡ ಮೇಷ್ಟ್ರು. ಮೇಷ್ಟ್ರೇ, ನೀವು ಕಂಪನಿ ಯಜಮಾನ್ತಿ. ಶುರು ಮಾಡಿ," ಎಂದರು ಶಾಸಕರು.

"ನಂಗೆ ಇದೆಲ್ಲ ಬರಲ್ಲ ಸಾರ್."

"ಬರ್ದಿದ್ರೆ ನಷ್ಟ ನಿಂಗೇ."

ತೊದಲುತ್ತಲೇ ಶುರು ಮಾಡಿದೆ. ಫೋನು ಮಾಡಿದರೆ ಯಂತ್ರ ಮಾತಾಡುತ್ತದೆ, ಮೇಲ್ ಕಳಿಸಿದರೆ ಧನ್ಯವಾದ ಬರುತ್ತದೆ, ದುಡ್ಡು ಮಾತ್ರ ಬರುವುದಿಲ್ಲ ಎಂದೆ. ಹೇಳುತ್ತ ಹೇಳುತ್ತ ಸಿಟ್ಟು ನಿಜವಾಗಿಯೇ ಬಂತು. "ನನ್ ದುಡ್ಡು ಎಲ್ಲಿದೆ ಅಂತ ಕೇಳಿದ್ರೆ ಉತ್ತರ ಕೊಡೋಕೆ ಒಬ್ಬ ಮನುಷ್ಯ ಇಲ್ವಾ ನಿಮ್ಮಲ್ಲಿ?" ಎಂದು ಮೇಜು ಗುದ್ದಿದೆ. ನನ್ನ ಕಂಪನಿಯ ಪರವಾಗಿಯೂ ನಾನು ಎಂದೂ ಅಷ್ಟು ಚೆನ್ನಾಗಿ ಮಾತಾಡಿದವಳಲ್ಲ.

ಮೇಷ್ಟ್ರು ಶಾಲು ಸರಿಮಾಡಿಕೊಂಡರು. ಪಾತ್ರ ಸಿಕ್ಕರೆ ಹಳೆಯ ಅರ್ಥಧಾರಿ ಬಿಡುತ್ತಾರೆಯೇ? "ಕಳ್ಳ ಬಂದ ಅಂತ ಸಂತೇನೇ ನಿಲ್ಸಿಬಿಡ್ತೀರಾ? ಮಾರೋರು ಪಕ್ಕದೂರಿಗೆ ಹೋಗ್ತಾರೆ, ಕಳ್ಳನೂ ಅಲ್ಲಿಗೇ ಹೋಗ್ತಾನೆ. ನಿಮಗೆ ಉಳಿಯೋದು ಖಾಲಿ ಮೈದಾನ. ಸಂತೆ ನಡೀಲಿ, ಕಾವಲು ಹಾಕ್ರಿ!"

ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಚಪ್ಪಾಳೆ ತಟ್ಟಿದ. ತಾವು ಏನು ಹೇಳಿಬಿಟ್ಟೆವೆಂದು ಮೇಷ್ಟ್ರಿಗೆ ಆಗ ಹೊಳೆಯಿತು. "ಥತ್, ನನ್ ಬಾಯಲ್ಲೇ ಹೇಳ್ಸಿದ್ಯಲ್ಲೋ!" ಎಂದು ಶಾಸಕರ ಬೆನ್ನಿಗೊಂದು ಗುದ್ದಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಶಾಸಕರ ಎರಡೂ ಹುಬ್ಬು ಒಟ್ಟಿಗೆ ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಮಿತಿಯಲ್ಲಿ ಅವರು ನಮ್ಮಿಬ್ಬರ ಮಾತನ್ನೂ ಇಟ್ಟರು. ಗ್ರಾಹಕರ ಹಣ ಕಂಪನಿಯ ಹಣದೊಂದಿಗೆ ಬೆರೆಯಬಾರದು, ದೂರು ಕೇಳಲು ಹೆಸರು ವಿಳಾಸವಿರುವ ಮನುಷ್ಯ ಇರಲೇಬೇಕು. ಆದರೆ ನಿಷೇಧ ಬೇಡ. ದೊಡ್ಡ ಕಂಪನಿ ಹೊರಬಲ್ಲ ಪರವಾನಗಿ ಶುಲ್ಕವನ್ನು ಸಣ್ಣ ಊರಿನ ಕಂಪನಿಯ ತಲೆಗೆ ಹೇರಬೇಡಿ, ಅವೂ ಪೈಪೋಟಿಯಲ್ಲಿ ಉಳಿಯಬೇಕು. "ನೀವು ಯಾರ ಕಡೆ?" ಎಂದು ಒಬ್ಬರು ಕೆಣಕಿದರಂತೆ. "ಎರಡೂ ಕಡೆ ಕೂತು ನೋಡಿ ಬಂದೀನಿ ಮಾರಾಯ್ರೇ, ನೀವು?" ಎಂದರಂತೆ ಇವರು. ಶಿಫಾರಸಿನಲ್ಲಿ ನಿಷೇಧದ ಮಾತು ಉಳಿಯಲಿಲ್ಲ. ಆ ಸಂಜೆ ಬೇಕರಿಯಿಂದ ಹನಿಕೇಕ್ ತರಿಸಿ ಎಲ್ಲರೂ ತಿಂದೆವು. ಮೇಷ್ಟ್ರಿಗೂ ಒಂದು ಡಬ್ಬಿ ಕಳಿಸಿದೆ.

ಮುಂದಿನ ಚುನಾವಣೆಯಲ್ಲಿ ಎದುರು ಪಕ್ಷದವರು ಅವರನ್ನು 'ಕ್ರಿಪ್ಟೊ ಶಾಸಕ' ಎಂದು ಗೇಲಿ ಮಾಡಿದರು. ಶಾಸಕರು ಸೋತರು. ಸಮಾಧಾನ ಹೇಳಲು ಮೇಷ್ಟ್ರೂ ನಾನೂ ಹೋದರೆ, ಜಗಲಿಯಲ್ಲಿ ಕೂತು ಗೆದ್ದವನ ಪಾತ್ರ ಮಾಡುತ್ತಿದ್ದರು! ರಸ್ತೆಯ ಗುಂಡಿಯಿಂದ ಹಿಡಿದು, ಮದುವೆಮನೆಗೆ ಸರಿಯಾಗಿ ಊಟದ ಹೊತ್ತಿಗೇ ಹೋಗುತ್ತಿದ್ದುದರವರೆಗೆ ತಮ್ಮ ತಪ್ಪುಗಳನ್ನೆಲ್ಲ ಎಣಿಸಿ, ತಮ್ಮನ್ನು ಸೋಲಿಸಿದ್ದು ಏಕೆ ಸರಿ ಎಂದು ವಾದ ಮಾಡುತ್ತಿದ್ದರು. ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾನೂ ನಕ್ಕೆ, ಆಮೇಲೆ ಕೇಳಿದೆ:

"ನೀವೇ ಅವ್ರ ಪರ ಮಾತಾಡಿದ್ರೆ, ನಿಮ್ಮ ಪರ ಯಾರು ಮಾತಾಡೋದು ಸಾರ್?"

ಬಲಗಡೆಯ ಹುಬ್ಬು ಎದ್ದಿತು. "ಆ ಪಾತ್ರ ನಂಗೆ ಬರಲ್ಲ ಮಾರಾಯ್ತಿ. ನೀನೇ ಮಾಡು."

ಇವತ್ತು ಹುಡುಗಿಯರು ಹೊಸನಗರದ ಬಸ್ಸಿಗೆಂದು ಮೆಟ್ಟಿಲಿಳಿದು ಹೋದ ಮೇಲೆ, ಅದೇ ಬೇಕರಿಯ ಮಹಡಿಯಲ್ಲಿ ಕೂತು, ಇದನ್ನು ಬರೆದು ಆ ಪಾತ್ರ ಮಾಡಿದ್ದೇನೆ.