ತೂಬಿನ ಚುಕ್ಕಿ ಕಾಯುವ ಓರೆಗೀಟು

ಕಂಪ್ಲಿಯ ನೀರು ಬಳಕೆದಾರರ ಸಂಘದ ಕಚೇರಿಯಲ್ಲಿ ಇನ್ನೂ ನಸುಕು. ಕಂಪ್ಯೂಟರಿನ ಕಪ್ಪು ಪರದೆಯ ಮುಂದೆ ಅನುಸೂಯಾ ಕೂತಿದ್ದಾರೆ. ಈ ಹಳೇ ಯಂತ್ರಕ್ಕೆ ಮೌಸ್ ಇಲ್ಲ. ಏನು ತಿದ್ದಬೇಕಾದರೂ ಕೀಲಿಮಣೆಯಲ್ಲಿ ಆಜ್ಞೆ ಬರೆದೇ ತಿದ್ದಬೇಕು. ಯಾರ ಗದ್ದೆಗೆ ಯಾವ ತೂಬಿನಿಂದ ಇವತ್ತು ನೀರು ಎಂಬ ಸಂದೇಶ ರೈತರ ಫೋನಿಗೆ ಹೋಗುವುದು ಇಲ್ಲಿಂದಲೇ.

ರಾತ್ರಿ 7.1ನೇ ತೂಬಿಗೆ ಮಣ್ಣು ಕುಸಿದಿದೆ. ಅಲ್ಲಿಯವರೆಲ್ಲ ಇವತ್ತು 7.2ರಿಂದ ನೀರು ಕಟ್ಟಿಕೊಳ್ಳಬೇಕು. ಅವರಲ್ಲಿ ಮೆಟ್ರಿ ಊರಿನ ಎರ್ರೆಮ್ಮನೂ ಒಬ್ಬರು. ಅವರ ಭತ್ತದ ಸಸಿಮಡಿ ಆಗಲೇ ಹಳದಿಗೆ ತಿರುಗಿದೆ. ಈ ಪಾಳಿ ತಪ್ಪಿದರೆ ಮುಂದಿನದು ವಾರದ ಮೇಲೆ. ಅಷ್ಟು ದಿನ ಸಸಿ ತಡೆಯವು.

“ಜಲ್ದಿ ಮಾಡವ್ವಾ, ಗೇಟ್ ಎತ್ತೋ ಹೊತ್ತಾತು,” ಎಂದು ಬಾಗಿಲಲ್ಲಿ ನಿಂತ ನೀರಗಂಟಿ ಪಕೀರಪ್ಪ ಅವಸರ ಮಾಡುತ್ತಾರೆ.

7.1 ಇದ್ದಲ್ಲೆಲ್ಲ 7.2 ಮಾಡು ಎಂದು ಅನುಸೂಯಾ ಒತ್ತುತ್ತಾರೆ. ಮರುಕ್ಷಣವೇ ಕೈ ನಿಲ್ಲುತ್ತದೆ. ಎರ್ರೆಮ್ಮನ ಫೋನ್ ನಂಬರಿನ ನಡುವೆ 741 ಇತ್ತು. ಈಗ ಅಲ್ಲೂ 7.2 ಬಂದು ಕೂತಿದೆ. ಇನ್ನು ಆ ನಂಬರಿಗೆ ಸಂದೇಶ ಹೋಗುವುದೆಲ್ಲಿ?

“ಬರೀ ಚುಕ್ಕಿ ಹಾಕಿದ್ರ, ಯಾವ ಅಂಕಿ ಇದ್ರೂ ನಡೀತೈತಿ ಅಂತ ಈ ಎಡಿಟರ್ ತಿಳ್ಕಂತೈತ್ರಿ. ಅದರ ಮುಂದ ಬ್ಯಾಕ್‌ಸ್ಲ್ಯಾಶ್ ಅನ್ನೋ ಓರೆಗೀಟು ಇದ್ರ ಮಾತ್ರ ಚುಕ್ಕಿ ಚುಕ್ಕಿಯಾಗೇ ಉಳೀತೈತಿ. ತಾರೀಖು ಹುಡುಕೋದೂ ಹಂಗ, 12\/7 ಅಂತನ ಬರೀಬೇಕು. ಇಲ್ಲಂದ್ರ ತಾರೀಖಿನ ನಡುವಿನ ಗೀಟು ನೋಡಿ, ಮಾತು 12ಕ್ಕೇ ಮುಗೀತು ಅಂತೈತಿ,” ಎನ್ನುತ್ತ ಅನುಸೂಯಾ ಒಂದು ಕೀಲಿ ಒತ್ತಿ ಎಲ್ಲವನ್ನೂ ಮೊದಲಿನಂತೆ ಮಾಡುತ್ತಾರೆ. ಈ ಸಲ ನಿಧಾನಕ್ಕೆ 7\.1 ಎಂದು ಬರೆಯುತ್ತಾರೆ. ತೂಬು ಮಾತ್ರ ಬದಲಾಗಿ ಫೋನ್ ನಂಬರುಗಳು ಹಾಗೇ ಉಳಿಯುತ್ತವೆ, ಸಂದೇಶ ಹೊರಡುತ್ತದೆ.

“ಇಷ್ಟುದ್ದ ಗೀಟಿಗೆ ಎಷ್ಟು ಕಾರಭಾರವ್ವಾ!”

“ನಿಮ್ಮ ಗೇಟಿನ ಚಾವಿ ಏನು ಆನಿಯಷ್ಟು ಐತೇನು ಕಾಕಾ?”

ಪಕೀರಪ್ಪ ನಗುತ್ತ ಸೈಕಲ್ ಹತ್ತುತ್ತಾರೆ.

ಅನುಸೂಯಾ ಮೆಟ್ರಿಯ ಕೂಲಿ ಮನೆಯ ಮಗಳು. ಹೊಸಪೇಟೆಗೆ ಕಂಪ್ಯೂಟರ್ ಕಲಿಯಲು ಮೊದಲ ಬಸ್ಸಿಗೆ ಓಡುತ್ತಿದ್ದಾಗ ರೊಟ್ಟಿ ಬುತ್ತಿ ಕಟ್ಟಿ ಕೈಗಿಡುತ್ತಿದ್ದವರು ಇದೇ ಎರ್ರೆಮ್ಮ. “ಕಂಪ್ಯೂಟರ್ ಕ್ಲಾಸಿನ ಭವ್ಯಕ್ಕ ಬೈದು ಬೈದು ಕಲಿಸಿದ್ರು. ಪುಣ್ಯಾತ್ಗಿತ್ತಿ, ಇವತ್ತೂ ಆ ಬೈಗುಳನ ನನ್ನ ಕಾಪಾಡಿದ್ದು,” ಎಂದು ಅನುಸೂಯಾ ತಮ್ಮಲ್ಲೇ ಅಂದುಕೊಳ್ಳುತ್ತಾರೆ.

ಬಿಸಿಲು ಬೀಳುವ ಹೊತ್ತಿಗೆ ಫೋನ್ ರಿಂಗಾಗುತ್ತದೆ. ಎರ್ರೆಮ್ಮನ ದನಿ ಕಚೇರಿಗೆಲ್ಲ ಕೇಳುವಷ್ಟು ದೊಡ್ಡದು: “ಯವ್ವಾ, ನಿನ್ನ ಮೆಸೇಜ್ ನೋಡಿ ಎದ್ದುಬಿದ್ದು ಏಳು ಎರಡರ ತೂಬಿಗೆ ಓಡಿದೆ. ಮಡಿ ತುಂಬಾ ನೀರು ನಿಂತೈತಿ ನೋಡು. ಸಸಿ ಉಳಕೊಂಡ್ವು!”

ಅನುಸೂಯಾ ಕಣ್ಣೊರೆಸಿಕೊಂಡು ಫೋನಿನಲ್ಲೇ ಹೇಳುತ್ತಾರೆ: “ನಾಟಿ ದಿನ ಸಂಘದೋರು ನನಗೊಂದು ರಜಾ ಕೊಟ್ರ ಸಾಕ್ರಿ. ಆ ಸಸಿ ಒಂದು ಹಿಡಿ ನಾನೂ ನೆಡಬೇಕು.”