ಅಕ್ಕನ ಕಿಟಕಿಯ ಕೈಪಿಡಿ

ಗೊಣಗಣ್ಣನಿಗೆ ಆ ಹೆಸರಿಟ್ಟವಳು ಅವನ ಅಕ್ಕನೇ. ಎದುರಿಗೆ ನಿಂತವರ ಜೊತೆ ಮಾತಾಡು ಎಂದರೆ ಅವನ ನಾಲಿಗೆಗೆ ಬೀಗ. ಕೈಗೆ ಕೆಲಸ ಸಿಕ್ಕರೆ ಸಾಕು, ತುಟಿ ತಾನಾಗಿ ಗೊಣಗಲು ಶುರು. ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ. ಅವಳದು ಹೊಲಿಗೆ ಯಂತ್ರದ ಬಿಡಿಭಾಗಗಳ ಅಂಗಡಿ. ಬೀದಿಗೆ ಒಂದು ಕಿಟಕಿ, ಕಿಟಕಿಯ ಹಿಂದೆ ಅಕ್ಕ, ಅಕ್ಕನ ಹಿಂದೆ ಸೂಜಿ, ದಾರ ಸುತ್ತುವ ಬಾಬಿನ್, ಬೆಲ್ಟುಗಳ ಡಬ್ಬಿಗಳು, ಡಬ್ಬಿಗಳ ಹಿಂದೆ ಸ್ಟೂಲಿನ ಮೇಲೆ ಇವನು. ಓದಿದ್ದೂ ಅಲ್ಲೇ, ತೂಕಡಿಸಿದ್ದೂ ಅಲ್ಲೇ.

ಅಕ್ಕ ಬೈದರೆ ಅವನಿಗೆ ಭಯವಿರಲಿಲ್ಲ. ಬೈದಳೆಂದರೆ ಅವಳ ಮನಸ್ಸು ನೆಟ್ಟಗಿದೆ ಎಂದೇ ಅರ್ಥ. ಅವಳು ಮಾತು ಬಿಟ್ಟರೆ ಮಾತ್ರ ಕಷ್ಟ. ಆಗ ಅನ್ನದ ತಟ್ಟೆ ಕೂಡ ಸದ್ದಿಲ್ಲದೆ ಮುಂದೆ ಬಂದು ಕೂರುತ್ತಿತ್ತು.

ದೊಡ್ಡವನಾದ ಮೇಲೆ ಗೊಣಗಣ್ಣ ಕೋಡ್ ಬರೆಯುವ ಕೆಲಸ ಹಿಡಿದ. ಕಚೇರಿ ಎರಡು ಬೀದಿಯಾಚೆ, ಮಹಡಿಯ ಮೇಲೆ. ಅಲ್ಲಿ ಅವನು ಕಟ್ಟಿದ್ದು ಒಂದು ಎಪಿಐ. ಹಾಗೆಂದರೆ ಮತ್ತೇನಲ್ಲ, ಒಂದು ಪ್ರೋಗ್ರಾಮ್ ಬಂದು ಇನ್ನೊಂದನ್ನು ಪ್ರಶ್ನೆ ಕೇಳುವ ಕಿಟಕಿ. ಹೊಲಿಗೆ ಯಂತ್ರ ರಿಪೇರಿಯವರ ಪ್ರೋಗ್ರಾಮ್ ಬಂದು "ಇಂಥ ಬೆಲ್ಟು ಯಾವ ಅಂಗಡಿಯಲ್ಲಿದೆ?" ಎನ್ನುತ್ತದೆ, ಕಿಟಕಿ ಇದೆ ಎಂದೋ ಇಲ್ಲ ಎಂದೋ ಹೇಳುತ್ತದೆ. ಗೊಣಗಣ್ಣ ಹುಟ್ಟಿದ ಮೇಲೆ ನೋಡಿದ್ದು ಒಂದೇ ಕಿಟಕಿ, ಕಟ್ಟಿದ್ದೂ ಅದರಂತೆಯೇ.

ಕಚೇರಿಯ ಯಜಮಾನಿಗೆ ಒಂದು ಹಟವಿತ್ತು. ಎಪಿಐ ಎಷ್ಟೇ ಚೆನ್ನಾಗಿರಲಿ, ಅದಕ್ಕೊಂದು ಕೈಪಿಡಿ ಇಲ್ಲದೆ ಹೊರಗೆ ಬಿಡುತ್ತಿರಲಿಲ್ಲ.

"ಕೈಪಿಡೀಲಿ ಬರೆದದ್ದು ಮಾತು ಕೊಟ್ಟ ಹಾಗೆ ಕಣೋ. ಬರಹಕ್ಕೂ ಕೋಡಿಗೂ ಜಗಳ ಬಿದ್ರೆ ಸೋಲಬೇಕಾದ್ದು ಕೋಡು," ಎನ್ನುತ್ತಿದ್ದಳು.

ಆ ಕೈಪಿಡಿಯನ್ನು ಯಾರೂ ಕೂತು ಬರೆಯಬೇಕಿರಲಿಲ್ಲ. ಕೋಡಿನ ನಡುವೆ ಹ್ಯಾಷ್ ಗುರುತು (#) ಹಾಕಿ ಬರೆದ ಸಾಲು ಬರೆದವನ ಸ್ವಂತದ್ದು, ಹೊರಗಿನವರಿಗೆ ಕಾಣದು. ಮೂರು ಮೂರು ಉದ್ಧರಣ ಚಿಹ್ನೆಗಳ ನಡುವೆ ಬರೆದದ್ದನ್ನು ಮಾತ್ರ ಒಂದು ಪ್ರೋಗ್ರಾಮ್ ಹೆಕ್ಕಿ ತೆಗೆದು ಪುಟ ಮಾಡಿ ಇಡುತ್ತಿತ್ತು. ಗೊಣಗಣ್ಣನ ಬಾಯಿಯ ಗೊಣಗಾಟವೆಲ್ಲ ಹ್ಯಾಷ್ ಹಿಂದೆ ಸುಖವಾಗಿತ್ತು. ಆದರೆ ಉದ್ದ ಗೊಣಗಬೇಕಾದಾಗ ಸಾಲುಸಾಲಿಗೂ ಹ್ಯಾಷ್ ಹಾಕಲು ಅವನಿಗೆ ಸೋಮಾರಿತನ. ಆಗ ಚಿಹ್ನೆ ಮೂರು ಹಾಕಿ, ಮನಸ್ಸು ಬಿಚ್ಚಿ ಗೊಣಗಿ, ಮತ್ತೆ ಮೂರು ಹಾಕಿ ಮುಚ್ಚುತ್ತಿದ್ದ. ಆಮೇಲೆ ಅಳಿಸಿದರಾಯಿತು ಎಂದುಕೊಂಡ. ಆಮೇಲೆ ಎನ್ನುವುದು ಬರಲೇ ಇಲ್ಲ.

ಬೆಳಿಗ್ಗೆ ಕೈಪಿಡಿ ಹೊರಬಿತ್ತು. ಬಳಸುವ ಕಂಪನಿಗಳಿಗೂ, ಸರಕಿನ ವಿವರ ಕೊಟ್ಟ ಅಂಗಡಿಗಳಿಗೂ ಅದರ ಕೊಂಡಿ ಹೋಯಿತು. ಸ್ವಲ್ಪ ಹೊತ್ತಿಗೆ ರಿಪೇರಿ ಕಂಪನಿಯ ಪ್ರೋಗ್ರಾಮರ್ ಹುಡುಗಿಯ ಫೋನು. ಯಜಮಾನಿ ಕೇಳಿಸಿಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು ಬಂದಳು.

"ಲೋ, ಅವಳದೊಂದು ಸಂದೇಹವಂತೆ. ಭಾವನಿಗೆ ಏನು ಗತಿ ಆಯ್ತು?"

"ಯಾವ ಭಾವ?"

"ನಿನ್ನ ಭಾವ ಕಣೋ! ಕೇಳು," ಎಂದು ಯಜಮಾನಿ ಪರದೆಯ ಮೇಲಿನ ಕೈಪಿಡಿ ನೋಡಿ ಓದಿದಳು. "ಈ ಕಿಟಕಿ ನನ್ನ ಅಕ್ಕನಂಥದ್ದು. ಯಾರು ಅಂತ ಹೇಳದೆ ಕೇಳಿದರೆ ಮುಖದ ಮೇಲೆ ಬಾಗಿಲು ಹಾಕುತ್ತಾಳೆ, ಕಾರಣ ಹೇಳುವುದಿಲ್ಲ. ಒಂದೇ ಸಮನೆ ಕೇಳುತ್ತಲೇ ಇದ್ದರೆ ಭಾವನಿಗಾದ ಗತಿಯೇ ನಿಮಗೂ."

ಗೊಣಗಣ್ಣ ಕುರ್ಚಿಯಿಂದ ಧಡಕ್ಕನೆ ಎದ್ದ. ಯಜಮಾನಿಯ ನಗುವಿಗಲ್ಲ, ಕೊಂಡಿ ಹೋದ ಅಂಗಡಿಗಳಲ್ಲಿ ಅಕ್ಕನದೂ ಒಂದು. ಅವಳ ಕೈಗೆ ಫೋನು ಸಿಕ್ಕುವ ಮೊದಲೇ ತಲುಪಬೇಕೆಂದು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದ.

ಅಂಗಡಿಯ ಹೊರಗಿನ ಬೆಂಚಿನ ಮೇಲೆ ಭಾವ ಕೂತಿದ್ದ.

"ಬಾಪ್ಪಾ ಬಾ, ಕೈಪಿಡಿ ಬರೆದ ಮಹಾನುಭಾವ! ಚೆನ್ನಾಗಿದೆ ಅಂತ ನಿಮ್ಮಕ್ಕನ ಮುಂದೆ ಗಟ್ಟಿಯಾಗಿ ಓದಿದೆ. ಇನ್ನೊಂದ್ಸಲ ಓದ್ಲಾ, ಇನ್ನೊಂದ್ಸಲ ಓದ್ಲಾ ಅಂತ ಕೇಳಿದೆ. ನನಗಾದ ಗತಿ ನೋಡು."

ಅಕ್ಕ ಕಿಟಕಿಯಲ್ಲಿದ್ದಳು. ಇವನನ್ನು ನೋಡಿದಳು, ಡಬ್ಬಿ ಒರೆಸಿದಳು. ಮಾತಿಲ್ಲ. ಅಷ್ಟರಲ್ಲಿ ಗಿರಾಕಿ ಹೆಂಗಸೊಬ್ಬಳು ಬಂದು ಬಾಬಿನ್ ಕೊಡಿ ಎಂದಳು. ಯಾವ ಯಂತ್ರದ್ದೆಂದು ಅವಳಿಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಕೊಡಲ್ಲಮ್ಮ," ಎಂದಳು ಅಕ್ಕ. "ಯಾಕೆ ಅಂದ್ರೆ ಗಿಡ್ಡದ್ದು ಬೇರೆ, ಎತ್ತರದ್ದು ಬೇರೆ. ತಪ್ಪು ಹಾಕಿದ್ರೆ ದಾರ ಸಿಕ್ಕಾಗತ್ತೆ. ಹಳೇದು ತಗೊಂಡು ಬಾ, ಅಳತೆ ನೋಡಿ ಕೊಡ್ತೀನಿ."

ಗಿರಾಕಿ ಸಮಾಧಾನವಾಗಿ ಹೊರಟಳು. ಅಕ್ಕ ಈಗ ತಮ್ಮನ ಕಡೆ ತಿರುಗಿದಳು.

"ಕಾರಣ ಹೇಳದೆ ಯಾವತ್ತೋ ನಾನು ಬಾಗಿಲು ಹಾಕಿದ್ದು?"

"ತಮಾಷೆಗೆ ಅಕ್ಕಾ..."

"ತಮಾಷೆ ಮಾಡು, ಬೇಡ ಅನ್ನಲ್ಲ. ಸುಳ್ಳು ಯಾಕೆ?" ಒರೆಸಿದ ಡಬ್ಬಿಯನ್ನೇ ಮತ್ತೆ ಒರೆಸಿದಳು. "ಬೆನ್ನ ಹಿಂದೆ ಕೂತು ಬೆಳೆದವನು ನೀನು. ನಿನಗೂ ನಾನು ಹಾಗೇ ಕಂಡೆನಾ?"

 ಗೊಣಗಣ್ಣ ಒಳಗೆ ಹೋಗಿ, ಡಬ್ಬಿಗಳ ಹಿಂದಿನ ಹಳೆ ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದ. ಕಿಟಕಿ ಅಕ್ಕನಂಥದ್ದು ಎಂದು ಬರೆದಾಗಿದೆ, ಮಾತು ಕೊಟ್ಟಾಗಿದೆ. ಅಕ್ಕ ಕಾರಣ ಹೇಳುವವಳು, ಕೋಡು ಮಾತ್ರ ಗುರುತು ಹೇಳದವರಿಗೆ ಬರೀ "ಇಲ್ಲ" ಎಂದು ಮುಖ ತಿರುಗಿಸುತ್ತಿತ್ತು. ಸೋಲಬೇಕಾದ್ದು ಕೋಡು. ತುಟಿ ಗೊಣಗತೊಡಗಿತು, ಬೆರಳು ಓಡಿತು. ಇನ್ನು ಮುಂದೆ ಕಿಟಕಿ "ಇಲ್ಲ" ಎಂದಾಗಲೆಲ್ಲ ಯಾಕೆ ಎಂದೂ, ಏನು ತಂದರೆ ಸಿಗುತ್ತದೆ ಎಂದೂ ಹೇಳುವಂತಾಯಿತು. ಬೆನ್ನು ಮಾಡಿ ನಿಂತಿದ್ದ ಅಕ್ಕ ಆ ಗೊಣಗಾಟವನ್ನೇ ಕೇಳುತ್ತಿದ್ದಳು.

"ಅಕ್ಕಾ, ಪೂರ್ತಿ ಅಳಿಸಿಬಿಡ್ಲಾ?"

"ಅಕ್ಕ ಇರಲಿ ಬಿಡು. ಸುಳ್ಳು ತೆಗಿ."

"ಭಾವನ ಸಾಲು?"

"ಅದು ನಿಜ ತಾನೇ? ಇರಲಿ. ಗೊಣಗಿದ್ದು ಸಾಕು, ಊಟಕ್ಕೇಳು, ಕತ್ತೆ."

ಕತ್ತೆ ಎಂದಳಲ್ಲ, ಗೊಣಗಣ್ಣನಿಗೆ ಉಸಿರು ಬಂತು. ಏಳುವ ಮುಂಚೆ ಪ್ರೋಗ್ರಾಮರ್ ಹುಡುಗಿಯ ಸಂದೇಹಕ್ಕೂ ಒಂದು ಸಾಲು ಸೇರಿಸಿ, ಓದಿ ಹೇಳಿದ: "ಭಾವನನ್ನು ಹೊರಗೆ ಕೂರಿಸಲಾಗುತ್ತದೆ. ಎಷ್ಟು ಹೊತ್ತು ಎಂದು ಕಿಟಕಿಯೇ ತಿಳಿಸುತ್ತದೆ. ಅಲ್ಲಿಯವರೆಗೆ ಮತ್ತೆ ಕೇಳಬೇಡಿ."

ಬೆಂಚಿನಿಂದ ದನಿ ಬಂತು. "ನನಗೆ ಕಿಟಕಿ ಏನೂ ತಿಳಿಸಲಿಲ್ಲವಲ್ಲ!"

"ನಮ್ಮಿಬ್ಬರ ಊಟ ಆಗೋ ತನಕ," ಎಂದಳು ಅಕ್ಕ.