ಹಾಳಾದ ಪ್ರತಿಗಳಲ್ಲಿ ಗಣಿತ ಕಲಿತವರು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಟೋನರ್ ಪುಡಿಯ ಕಪ್ಪು ಗೆರೆ ಸದಾ ಇರುತ್ತಿತ್ತು. ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ ಎನ್ನುತ್ತಿದ್ದರು. ಮೂಡುಬಿದಿರೆಯಲ್ಲಿ ನಮ್ಮ ಕಾಲೇಜಿನ ಎದುರು ಅವರದೊಂದು ಸಣ್ಣ ಅಂಗಡಿ. ನಮಗೆಲ್ಲ ಅವರು ಜೆರಾಕ್ಸಿನಣ್ಣ.

ಎಸ್ಸೆಸ್ಸೆಲ್ಸಿಗೆ ಓದು ನಿಂತಿತ್ತು. ಆದರೆ ಸೊಟ್ಟಗೋ ಮಸುಕಾಗಿಯೋ ಬಂದ ಪ್ರತಿಗಳನ್ನು ಅವರು ಬಿಸಾಡುತ್ತಿರಲಿಲ್ಲ, ಓದುತ್ತಿದ್ದರು. ಹಾಗೆ ಓದಿಯೇ ಪದವಿ ತರಗತಿಯ ಗಣಿತ ಕಲಿತರು, ಪ್ರೋಗ್ರಾಮಿಂಗ್ ಕಲಿತರು. ನಾವು ಮಕ್ಕಳು ಪರೀಕ್ಷೆಗೆ ಬರುವ ಪಾಠಗಳನ್ನಷ್ಟೇ ಪ್ರತಿ ಮಾಡಿಸುತ್ತಿದ್ದೆವು. "ಮೂರನೇ ಚಾಪ್ಟರ್ ಉಂಟು, ಐದನೆಯದ್ದೂ ಉಂಟು. ನಾಲ್ಕು ಯಾರೂ ತರುವುದಿಲ್ಲ ಮಾರಾಯ್ರೆ" ಎಂದು ನಗುತ್ತಿದ್ದರು. ಆ ನಾಲ್ಕನ್ನು ತಿಂಗಳುಗಟ್ಟಲೆ ಕೂತು ತಾವೇ ಯೋಚಿಸಿ ಬರೆದುಕೊಂಡಿದ್ದರು.

ವಾಮದಪದವಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು ಗಣಿತದಲ್ಲಿ ಫೇಲಾಗಿದ್ದೆ. ಸಿದ್ಧ ಉತ್ತರಗಳ ಪ್ರತಿ ಕೇಳಿದಾಗ ಅವರು ಯಂತ್ರ ನಿಲ್ಲಿಸಿದರು.

"ಇದು ಬಾಯಿಪಾಠ ಮಾಡ್ಲಿಕ್ಕಾ?"

ನಾನು ತಲೆ ತಗ್ಗಿಸಿದೆ. ಅವರು ತಮ್ಮ ಹಳೆಯ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಅವರೇ ಬರೆದ ಪ್ರೋಗ್ರಾಮಿನಲ್ಲಿ ಒಂದು ಚೌಕವಿತ್ತು. ಪಕ್ಕದಲ್ಲಿ ಸಾಲುಸಾಲಾಗಿ ಜೋಡಿಸಿದ ಮ್ಯಾಟ್ರಿಕ್ಸಿನ ಅಂಕಿ ಬದಲಿಸಿದಂತೆ ಅದು ವಾಲುತ್ತಿತ್ತು, ಹಿಗ್ಗುತ್ತಿತ್ತು. ಒಮ್ಮೆ ಚಪ್ಪಟೆಯಾಗಿ ಬರೀ ಗೆರೆಯಾಯಿತು.

"ಈಗ ಇದನ್ನು ವಾಪಸ್ ಚೌಕ ಮಾಡ್ಲಿಕ್ಕೆ ಆಗ್ತದಾ?"

"ಇಲ್ಲ ಅಣ್ಣ."

"ಅದಕ್ಕೇ ಈ ಮ್ಯಾಟ್ರಿಕ್ಸಿಗೆ ಇನ್ವರ್ಸ್ ಇಲ್ಲ. ಇಷ್ಟೇ ವಿಷಯ."

ನಾನು ಗಣಿತವನ್ನು ಮೊದಲು ಕಣ್ಣಾರೆ ಕಂಡದ್ದು ಅಂದು. ಮುಂದೆ ಅದನ್ನೇ ಓದಿ ಬೆಳ್ತಂಗಡಿಯ ಕಾಲೇಜೊಂದರಲ್ಲಿ ಉಪನ್ಯಾಸಕಿಯಾದೆ.

ಕಳೆದ ವರ್ಷ ಅಂಗಡಿಗೆ ಹೋದಾಗ ಅವರು ಬಹಳ ಸಂಕೋಚದಿಂದ ಕೇಳಿದರು: "ವಾರಕ್ಕೊಂದು ದಿನ ನಿಮ್ಮ ಕ್ಲಾಸಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರಬಹುದಾ? ಮೊಬೈಲಿನಲ್ಲಿ ಈಗ ಎಲ್ಲ ಪಾಠ ಉಂಟು. ಆದರೆ ಡೌಟು ಬಂದರೆ ಕೈ ಎತ್ತಲಿಕ್ಕೆ ಆಗುವುದಿಲ್ಲ."

ಐವತ್ತು ದಾಟಿದ ಅಂಗಡಿಯವರನ್ನು ತರಗತಿಯಲ್ಲಿ ಕೂರಿಸಿದರೆ ಸಹೋದ್ಯೋಗಿಗಳು ಏನೆಂದಾರು ಎಂದು ನನಗೆ ಅಳುಕಾಯಿತು. "ಜೂನಿನಲ್ಲಿ ನೋಡುವ ಅಣ್ಣ, ಪ್ರಿನ್ಸಿಪಾಲರ ಹತ್ತಿರ ಕೇಳ್ತೇನೆ" ಎಂದೆ. ಅವರ ಮುಖ ಅರಳಿತು. ನಾನು ಕೇಳಲಿಲ್ಲ. ಆಮೇಲೆ ಪರೀಕ್ಷೆ, ಮೌಲ್ಯಮಾಪನ, ರಜೆ.

ಮೇ ತಿಂಗಳಲ್ಲಿ ಅಂಗಡಿಯಲ್ಲೇ ಎದೆನೋವು ಬಂದು ಹೋಗಿಬಿಟ್ಟರು. ಸುದ್ದಿ ತಿಳಿದು ಪುತ್ತಿಗೆಯ ಅವರ ಮನೆಗೆ ಹೋದೆ. ಅವರ ಹೆಂಡತಿ ಒಳಗಿನಿಂದ ದೊಡ್ಡಕ್ಷರದ ಒಂದು ಹಾಳೆ ತಂದು ತೋರಿಸಿದರು. 'ಜೂನ್‌ನಿಂದ ಪ್ರತಿ ಸೋಮವಾರ ಮಧ್ಯಾಹ್ನದವರೆಗೆ ಅಂಗಡಿ ಮುಚ್ಚಿರುತ್ತದೆ.'

"ಬಾಗಿಲಿಗೆ ಅಂಟಿಸ್ಲಿಕ್ಕೆ ಅಂತ ತೆಗೆದಿಟ್ಟದ್ದು ಟೀಚರ್. ನೀವು ಕ್ಲಾಸಿಗೆ ಕರೆದಿದ್ದೀರಂತಲ್ಲ? ಎಲ್ಲರ ಹತ್ತಿರವೂ ಹೇಳಿದ್ದರು."

ಯಾರ ಹತ್ತಿರವೂ ನಾನು ಕೇಳಿರಲೇ ಇಲ್ಲ ಎಂದು ಆ ಹೆಂಗಸಿಗೆ ಹೇಗೆ ಹೇಳಲಿ?

"ಹೌದು" ಎಂದೆ, "ಕರೆದಿದ್ದೆ."